ಕೈ ಎತ್ತುವವರಿಲ್ಲದ ಕೊಠಡಿ

ತುರ್ತು ಆಂಬ್ಯುಲೆನ್ಸ್ ಸೇವೆಯ ನಿರ್ದೇಶಕರಿಗೆ,

ಮಾನ್ಯರೇ,

ನಾನು ಫೋನಿನಲ್ಲಿ ಕಿರುಚಲಿಲ್ಲ ಎಂಬ ಕಾರಣಕ್ಕೆ ನನ್ನ ಅಕ್ಕ ಸತ್ತಳು. ಇದನ್ನು ದುಃಖದಲ್ಲಿ ಬಾಯಿಗೆ ಬಂದಂತೆ ಆಡಿದ ಮಾತು ಎಂದು ತಳ್ಳಿಹಾಕಬೇಡಿ. ನಿಮ್ಮದೇ ಕಚೇರಿಯ ಮೊಹರು ಒತ್ತಿದ ಕಾಗದ ನನ್ನ ಮುಂದಿದೆ. "ಕರೆ ಮಾಡಿದವರ ಧ್ವನಿಯಲ್ಲಿ ತುರ್ತು ಪರಿಸ್ಥಿತಿಯ ಲಕ್ಷಣಗಳು ಕಂಡುಬಂದಿರುವುದಿಲ್ಲವಾದ್ದರಿಂದ ಸದರಿ ಕರೆಯನ್ನು ನಿರೀಕ್ಷಣಾ ಸಾಲಿಗೆ ಸೇರಿಸಲಾಗಿರುತ್ತದೆ. ವ್ಯವಸ್ಥೆಯು ನಿಗದಿತ ಮಾನದಂಡಗಳ ಅನ್ವಯ ಸಮರ್ಪಕವಾಗಿ ಕಾರ್ಯನಿರ್ವಹಿಸಿರುತ್ತದೆ" ಎಂದು ಅದರಲ್ಲಿದೆ. ಮೂರು ಅರ್ಜಿ ಬರೆದ ಮೇಲೆ ಬಂದ ಉತ್ತರ ಇದು. ಜೊತೆಗೆ ನನ್ನ ಕರೆಯ ಮಾತುಗಳನ್ನು ಅಕ್ಷರಕ್ಕಿಳಿಸಿದ ಎರಡು ಹಾಳೆಗಳನ್ನೂ ಕಳಿಸಿದ್ದೀರಿ. ಮೇಲ್ಗಡೆ ಬಲಮೂಲೆಯಲ್ಲಿ ಒಂದು ಚಿಕ್ಕ ಚೌಕ, ಅದರೊಳಗೆ: "ಗಾಬರಿಯ ಅಂಕ: ಐದಕ್ಕೆ ಒಂದು." ನಾನು ಪರೀಕ್ಷೆಯಲ್ಲಿ ನಪಾಸಾದೆ, ಶಿಕ್ಷೆ ಅಕ್ಕನಿಗಾಯಿತು.

ನಾನು ಯಾರೆಂದು ಹೇಳದೆ ದೂರುವುದು ಸರಿಯಲ್ಲ. ಇಪ್ಪತ್ತಮೂರು ವರ್ಷ ನಿಮ್ಮ ಕರೆ ಕೊಠಡಿಯ ನಾಲ್ಕನೇ ಕುರ್ಚಿಯಲ್ಲಿ ಕೂತು ಫೋನ್ ಎತ್ತಿದವಳು ನಾನು. ನಿವೃತ್ತಳಾಗಿ ಎರಡು ವರ್ಷವಾಯಿತು. ಹನ್ನೆರಡು ಕುರ್ಚಿ, ಹನ್ನೆರಡು ಹೆಡ್‌ಫೋನ್, ಎದುರು ಗೋಡೆಗೆ ಗಾಡಿಗಳು ಎಲ್ಲೆಲ್ಲಿವೆಯೆಂದು ತೋರಿಸುವ ದೀಪದ ಹಲಗೆ, ಅದರ ಪಕ್ಕ ಒಂದು ಗಡಿಯಾರ. ಆ ಗಡಿಯಾರದ ಕೆಳಗೆ ಕೂರುತ್ತಿದ್ದ ನಮ್ಮ ಮೇಲ್ವಿಚಾರಕಿಯನ್ನು ಎಲ್ಲರೂ ಗಡಿಯಾರದಮ್ಮ ಎನ್ನುತ್ತಿದ್ದೆವು. ಕೆಲಸಕ್ಕೆ ಸೇರಿದ ಮೊದಲ ವಾರ, ಯಾರದೋ ಮಗು ನೀರಿನ ತೊಟ್ಟಿಗೆ ಬಿದ್ದ ಕರೆ ಬಂದು, ಆ ತಾಯಿಯ ಜೊತೆ ನಾನೂ ಅಳುವುದಕ್ಕೆ ಶುರುಮಾಡಿದಾಗ, ಗಡಿಯಾರದಮ್ಮ ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತು ತಾನೇ ಮಾತಾಡಿ ಮುಗಿಸಿ, ಆಮೇಲೆ ಹೊರಗೆ ಕರೆದೊಯ್ದು ಹೇಳಿದಳು: "ನೋಡಮ್ಮ, ಅಳೋದಿದ್ರೆ ಮನೆಗೆ ಹೋಗಿ ಅಳು, ನಾನು ಬೇಡ ಅನ್ನಲ್ಲ. ಇಲ್ಲಿ ಮೊದ್ಲು ವಿಳಾಸ, ಆಮೇಲೆ ಉಸಿರಾಡ್ತಿದಾರಾ, ಆಮೇಲೆ ಬಾಗಿಲು. ನಿನ್ ಗಂಟಲು ನಡುಗಿದ್ರೆ ಆ ಕಡೆಯವರ ಕೈ ನಡುಗತ್ತೆ." ಅಂದಿನಿಂದ ನನ್ನ ಗಂಟಲು ನಡುಗಿಲ್ಲ. ಅಪ್ಪ ಹೋದ ಸುದ್ದಿಯನ್ನು ನೆಂಟರಿಷ್ಟರಿಗೆಲ್ಲ ನಾನೇ ಫೋನ್ ಮಾಡಿ ಹೇಳಿದ್ದು. ಅಕ್ಕ ಆಡಿಕೊಳ್ಳುತ್ತಿದ್ದಳು, "ಮನೆ ಹತ್ಕೊಂಡು ಉರೀತಿದ್ರೂ ಇವಳು ರೇಡಿಯೋದಲ್ಲಿ ವಾರ್ತೆ ಓದೋ ಥರ ಹೇಳ್ತಾಳೆ" ಅಂತ.

ಆ ಕೊಠಡಿಯಲ್ಲಿ ಒಂದು ಪದ್ಧತಿ ಇತ್ತು. ಅದು ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ, ಆದ್ದರಿಂದ ನಿಮಗೆ ತಿಳಿದಿರಲಿಕ್ಕಿಲ್ಲ. ಕಿರುಚುವವರು ಫೋನ್ ಮಾಡಿದರೆ ನಾವು ಅಷ್ಟಾಗಿ ಹೆದರುತ್ತಿರಲಿಲ್ಲ. ಕಿರುಚುವುದಕ್ಕೆ ಉಸಿರು ಬೇಕು, ಸುತ್ತ ನಾಲ್ಕು ಜನ ಇರಬೇಕು. ನಾವು ಹೆದರುತ್ತಿದ್ದುದು ಮೆತ್ತಗೆ, ಮರ್ಯಾದೆಯಿಂದ ಮಾತಾಡುವವರು ಬಂದಾಗ. "ತೊಂದರೆ ಕೊಡ್ತಾ ಇದೀನಿ, ಕ್ಷಮಿಸಿ" ಎಂದು ಶುರುಮಾಡುವವರು. ಅಂಥ ಕರೆ ಬಂದರೆ ನಾವು ಬಲಗೈ ಮೇಲಕ್ಕೆತ್ತುತ್ತಿದ್ದೆವು. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಆ ಕಡೆಯವರಿಗೆ ಕೇಳಿಸುತ್ತದಲ್ಲ! ಕೈ ಮೇಲೆದ್ದ ಕೂಡಲೇ ಪಕ್ಕದ ಕುರ್ಚಿಯವಳು ಏನೂ ಕೇಳದೆ ನನ್ನ ಪರದೆಯ ವಿಳಾಸ ನೋಡಿ ಗಾಡಿ ಹೊರಡಿಸುತ್ತಿದ್ದಳು. ಒಮ್ಮೆ ಒಬ್ಬ ಗಂಡಸು ಫೋನ್ ಮಾಡಿದ. ತೀರಾ ಸಾವಧಾನದ ದನಿ. ಸ್ವಲ್ಪ ಎದೆ ಹಿಡಿದ ಹಾಗಿದೆ, ಅವಸರವೇನಿಲ್ಲ ಅಂದ. ಕೊನೆಗೆ, "ಬಾಗಿಲು ತೆಗೆದಿಟ್ಟಿದೀನಿ, ಬಂದವರು ಒಡೀಬೇಕಾಗಿಲ್ಲ" ಅಂದ. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಬಂದವರಿಗೆ ತಾನು ಬಾಗಿಲು ತೆಗೆಯಲಾರೆ ಎಂದು ಆ ಮನುಷ್ಯನಿಗೆ ಗೊತ್ತಾಗಿತ್ತು, ಸ್ವಾಮೀ. ನಮ್ಮ ಗಾಡಿ ತಲುಪಿದಾಗ ಅವನು ಹೊಸ್ತಿಲ ಮೇಲೆ ಅಡ್ಡಬಿದ್ದಿದ್ದ. ಬದುಕಿದ. ಒಂದು ತಿಂಗಳ ನಂತರ ಕೊಠಡಿಗೆ ಬಂದು, ನಾಚಿಕೊಂಡು, ಎಲ್ಲರಿಗೂ ಒಂದೊಂದು ಪೆನ್ನು ಕೊಟ್ಟು ಹೋದ.

ಆಮೇಲೆ, ತಾನೇ ಫೋನ್ ಎತ್ತಿ, ಯಾರಿಗೆ ಮೊದಲು ಗಾಡಿ ಎಂದು ತೀರ್ಮಾನಿಸುವ ನಿಮ್ಮ ಯಂತ್ರ ಬಂತು. ನನ್ನ ನಿವೃತ್ತಿಗೆ ಏಳು ತಿಂಗಳಿತ್ತು. ಹಳೆಯ ಕರೆಗಳ ಧ್ವನಿಮುದ್ರಿಕೆ ಕೇಳಿ, ಒಂದೊಂದಕ್ಕೂ ಗಾಬರಿಯ ಅಂಕ ಕೊಡಬೇಕು, ಒಂದರಿಂದ ಐದು. ಆ ಅಂಕಗಳನ್ನು ನೋಡಿ ಯಂತ್ರ ಕಲಿಯುತ್ತದೆ ಎಂದರು. ಅನುಭವಸ್ಥರು ಬೇಕೆಂದು ನನ್ನನ್ನೂ ಆರಿಸಿದಿರಿ. ಸುಳ್ಳೇಕೆ, ಹೆಮ್ಮೆಯಾಯಿತು. ಒಂದು ಪುಟ್ಟ ಕೋಣೆಯಲ್ಲಿ ಕೂತು ಮೂರು ಸಾವಿರಕ್ಕೂ ಹೆಚ್ಚು ಕರೆ ಕೇಳಿದೆ. ಅವುಗಳ ನಡುವೆ ಬಾಗಿಲು ತೆಗೆದಿಟ್ಟವನ ಕರೆಯೂ ಬಂತು. ಯಂತ್ರದ ಉಸ್ತುವಾರಿಗೆ ಬಂದಿದ್ದ ಎಂಜಿನಿಯರನ್ನು ಕರೆದು ಕೇಳಿದೆ, "ಇಲ್ಲಿ ನಾನು ಕೈ ಎತ್ತಿದ್ದೆ. ಅದನ್ನ ಎಲ್ಲಿ ಬರೀಲಿ?"

ಅವರು ಒಳ್ಳೆಯವರೇ. ನಕ್ಕು, "ಮೇಡಂ, ಕೈ ಎತ್ತಿದ್ದು ರೆಕಾರ್ಡ್ ಆಗಿಲ್ವಲ್ಲ. ಧ್ವನೀಲಿ ಏನಿದೆಯೋ ಅದಕ್ಕೆ ಮಾತ್ರ ಅಂಕ ಕೊಡಿ" ಅಂದರು.

"ಧ್ವನೀಲಿ ಗಾಬರಿ ಇಲ್ಲ. ಆದ್ರೆ ಮನುಷ್ಯ ಸಾಯ್ತಿದಾನೆ."

"ಅದು ನಿಮಗೆ ಆಮೇಲೆ ಗೊತ್ತಾಗಿದ್ದು, ಮೇಡಂ."

"ಆಮೇಲಲ್ಲ, ಆಗಲೇ ಗೊತ್ತಿತ್ತು."

"ಹೇಗೆ ಗೊತ್ತಾಯ್ತು ಅಂತ ಹೇಳಿದ್ರೆ ಯಂತ್ರಕ್ಕೂ ಹೇಳಿಕೊಡಬಹುದು."

ಇಪ್ಪತ್ತಮೂರು ವರ್ಷ ಮಾಡಿದ್ದನ್ನು ಒಂದು ವಾಕ್ಯದಲ್ಲಿ ಹೇಳು ಅಂದರೆ ಯಾರಿಗೆ ಬರುತ್ತದೆ? ಅಷ್ಟಕ್ಕೂ ನಾನು ಜಗಳ ಆಡಲಿಲ್ಲ. ಅವರ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇಲ್ಲದ ಮೇಲೆ ಅದು ಅಷ್ಟೇನೂ ಮುಖ್ಯವಲ್ಲವೇನೋ ಅಂದುಕೊಂಡೆ. ಬಾಗಿಲು ತೆಗೆದಿಟ್ಟವನಿಗೆ ಒಂದು ಅಂಕ ಕೊಟ್ಟೆ. ಅಂಥ ಎಲ್ಲರಿಗೂ ಒಂದೊಂದೇ ಕೊಟ್ಟೆ. ಈ ತಪ್ಪು ನನ್ನದು ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದಕ್ಕೂ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಪಾಲಿನದನ್ನು ನೀವು ಯಾವಾಗ ಒಪ್ಪುತ್ತೀರಿ ಎನ್ನುವುದು ಬೇರೆ ಮಾತು.

ಈಗ ಆ ದಿನದ ವಿಷಯ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ, ಅಕ್ಕ ತಂಗಿ. ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವವಳು. ಅವಳ ಗಂಟಲು ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಊರಗಲ ಆಗಿತ್ತು. ಮೇಲಿನಿಂದ ಕೂಗಿದರೆ ಬೀದಿಯ ಆ ತುದಿಯ ಗುಂಡಿ ಮಾರುವವನು ಕತ್ತೆತ್ತಿ ನೋಡುತ್ತಿದ್ದ. ಅವತ್ತು ನೀಲಿ ಲಂಗವೊಂದಕ್ಕೆ ಅಂಚು ಮಡಿಸುತ್ತ ಕೂತವಳು, "ಯಾಕೋ ಬೆನ್ನೆಲ್ಲ ಹಿಂಡಿದ ಹಾಗೆ ಆಗ್ತಿದೆ ಕಣೇ" ಅಂದಳು. ತಿರುಗಿ ನೋಡಿದರೆ ಹಣೆಯ ತುಂಬ ಬೆವರು, ತುಟಿಗೆ ಬಣ್ಣವೇ ಇರಲಿಲ್ಲ. ನಾನು ಅವಳನ್ನು ಗೋಡೆಗೊರಗಿಸಿ ಕೂರಿಸಿದೆ, ಕುತ್ತಿಗೆಯಿಂದ ಅಳತೆ ಟೇಪು ತೆಗೆದೆ, ಬಾಗಿಲು ತೆರೆದಿಟ್ಟು ಫೋನ್ ಮಾಡಿದೆ. ಮೊದಲು ವಿಳಾಸ. ಆಮೇಲೆ ಉಸಿರು. ಆಮೇಲೆ ಬಾಗಿಲು. ಇಪ್ಪತ್ತು ಸೆಕೆಂಡಿನೊಳಗೆ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಗಡಿಯಾರದಮ್ಮ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು.

ಅಕ್ಕ ಗೋಡೆಗೊರಗಿಕೊಂಡೇ ನನ್ನನ್ನು ನೋಡುತ್ತಿದ್ದಳು. "ಸ್ವಲ್ಪ ಜೋರಾಗಿ ಹೇಳೇ ಅವರಿಗೆ" ಅಂದಳು.

ನಾನು ಫೋನಿಗೆ ಕೈ ಅಡ್ಡ ಹಿಡಿದು, "ಸುಮ್ನಿರು ಅಕ್ಕ, ಹೇಗೆ ಹೇಳ್ಬೇಕು ಅಂತ ನಂಗೆ ಗೊತ್ತು" ಅಂದೆ. ನಾನು ಅವಳಿಗೆ ಹೇಳಿದ ಕೊನೆಯ ಮಾತು ಅದು.

ಯಂತ್ರದ ದನಿ ಹಿತವಾಗಿತ್ತು. "ನಿಮ್ಮ ಕರೆಯನ್ನು ದಾಖಲಿಸಲಾಗಿದೆ. ದಯವಿಟ್ಟು ಫೋನ್ ಇಡಬೇಡಿ. ನಾನು ಇಲ್ಲೇ ಇದ್ದೇನೆ" ಎಂದಿತು. ಆ ಕೊನೆಯ ಎರಡು ವಾಕ್ಯಗಳನ್ನು ನಾನು ಬಲ್ಲೆ. ಸಾವಿರಾರು ಜನರಿಗೆ ನಾನೇ ಹೇಳಿದ್ದೇನೆ, ಹೇಳುವಾಗ ನಿಜವಾಗಿ ಅಲ್ಲೇ ಇದ್ದೆ. ಫೋನ್ ಇಟ್ಟರೆ ಸಾಲು ತಪ್ಪುತ್ತದೆ, ಗಾಡಿಯವರು ಮನೆ ಹುಡುಕಲು ಪರದಾಡುತ್ತಾರೆ ಎಂದು ಜನರಿಗೆ ತಿಳಿಹೇಳಿದವಳೂ ನಾನೇ. ಅದಕ್ಕೇ ಇಡಲಿಲ್ಲ. ಮೂರು ಇಪ್ಪತ್ತಕ್ಕೆ ಅಕ್ಕ ಪಕ್ಕಕ್ಕೆ ವಾಲಿದಳು. ಫೋನನ್ನು ನೆಲದ ಮೇಲಿಟ್ಟು, ಸ್ಪೀಕರ್ ಹಾಕಿ, ಅವಳ ಎದೆ ಒತ್ತುವುದಕ್ಕೆ ಶುರುಮಾಡಿದೆ. ಒತ್ತುತ್ತ ಜೋರಾಗಿ ಎಣಿಸಿದೆ, ನಮಗೆ ಕಲಿಸಿದ್ದೇ ಹಾಗೆ. ಪ್ರತಿ ನಿಮಿಷಕ್ಕೊಮ್ಮೆ ನೆಲದಿಂದ ಆ ಹಿತವಾದ ದನಿ ಬರುತ್ತಿತ್ತು: ನಾನು ಇಲ್ಲೇ ಇದ್ದೇನೆ. ಯಾರು ಇದ್ದದ್ದು, ಮಾನ್ಯರೇ? ಹೆಸರು ಬೇಡ, ಯಾವ ಕುರ್ಚಿಯಲ್ಲಿ ಎಂದಾದರೂ ಹೇಳಿ.

ಮೂರು ಮೂವತ್ತಕ್ಕೆ ಕೆಳಮನೆಯ ಇಸ್ತ್ರಿಯವನು ಹತ್ತಿ ಬಂದ. ಅಕ್ಕ ಹೊಲಿದ ಬಟ್ಟೆಗೆಲ್ಲ ಅವನೇ ಇಸ್ತ್ರಿ ಹಾಕುವುದು. ತೋಳಿನ ಮೇಲೆ ಹತ್ತು ಅಂಗಿ ಹೊತ್ತು ಬಂದವನು ಅವನ್ನೆಲ್ಲ ನೆಲಕ್ಕೆ ಹಾಕಿ ತನ್ನ ಫೋನ್ ತೆಗೆದ. "ಅಯ್ಯೋ ಸತ್ತೋಗ್ತಾರೆ ಕಣ್ರೀ! ಕಳಿಸ್ರೀ ಬೇಗ! ಏನ್ ನಿದ್ದೆ ಮಾಡ್ತಿದೀರಾ ಅಲ್ಲಿ!" ಎಂದು ಶುರುಮಾಡಿದವನು ಆಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬೀದಿಯ ಹೆಸರನ್ನು ಅರ್ಧ ಹೇಳಿದ. ಮಹಡಿ ಹೇಳಲಿಲ್ಲ. ಯಾರಿಗೆ ಏನಾಗಿದೆ ಎಂದು ಹೇಳಲೇ ಇಲ್ಲ. ನನ್ನ ಕೊಠಡಿಯಲ್ಲಿ ಕೆಲಸ ಕಲಿಯಲು ಬಂದವರಿಗೆ, ಹೀಗೆ ಹೇಳುವವರನ್ನು ಮೊದಲು ಸಮಾಧಾನ ಮಾಡಬೇಕು ಎಂದು ಪಾಠ ಹೇಳುವಾಗ ಉದಾಹರಣೆಗೆ ಕೊಡಬಹುದಾದಂಥ ಕರೆ. ಆದರೂ ಅವನ ಫೋನ್ ಇರುವ ಜಾಗ ಹಿಡಿದು ಆರು ನಿಮಿಷದಲ್ಲಿ ಗಾಡಿ ಬಂತು. ಅವನಿಗೆ ಐದಕ್ಕೆ ಐದು ಅಂಕ, ಅದೂ ನಿಮ್ಮ ಕಾಗದದಲ್ಲೇ ಇದೆ. ಒಂದೇ ಮನೆ, ಒಂದೇ ಜೀವ, ಇಪ್ಪತ್ತು ನಿಮಿಷದ ಅಂತರ. ಗಾಡಿಯ ಚಾಲಕ ನನ್ನ ಗುರುತು ಹಿಡಿದ. ಹನ್ನೊಂದು ವರ್ಷ ನನ್ನ ಮಾತು ಕೇಳಿ ಗಾಡಿ ಓಡಿಸಿದವನು. ಅಕ್ಕನ ಕೈ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ನೀವಾ ಮೇಡಂ ಫೋನ್ ಮಾಡಿದ್ದು? ನಮಗೆ ಈ ವಿಳಾಸ ಬಂದಿದ್ದೇ ಈಗ, ಆಣೆ ಮಾಡಿ ಹೇಳ್ತೀನಿ" ಅಂದ. ಗಾಡಿ ಎರಡು ಬೀದಿ ಆಚೆ, ಮರದ ನೆರಳಲ್ಲಿ ಖಾಲಿ ನಿಂತಿತ್ತಂತೆ.

ಯಂತ್ರ ಉದ್ಘಾಟನೆಯಾದ ದಿನ ನೀವು ಮಾಡಿದ ಭಾಷಣ ನನಗೆ ನೆನಪಿದೆ, ಮುಂದಿನ ಸಾಲಿನಲ್ಲೇ ಕೂತಿದ್ದೆ. ಗಾಡಿ ಬೇಗ ಬರಲಿ ಎಂದು ಜನ ಇಲ್ಲದ ಎದೆನೋವು ಹೇಳುತ್ತಾರೆ, ಮಾತಿನಲ್ಲಿ ಸುಳ್ಳು ಇರಬಹುದು, ಆದರೆ ಧ್ವನಿ ಸುಳ್ಳಾಡುವುದಿಲ್ಲ ಅಂದಿರಿ. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಅದೇ ನಂಬಿಕೆಯ ಮೇಲೆ ಮಾತಿಗಿಂತ ಧ್ವನಿಗೆ ಹೆಚ್ಚು ತೂಕ ಕೊಡಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟಿದ್ದು ತಮ್ಮ ಸಹಿಯ ಆದೇಶ. ಹಾಗಾದರೆ ಕೇಳುತ್ತೇನೆ. ಪಾರ್ಶ್ವವಾಯು ಬಡಿದು ನಾಲಗೆ ದಪ್ಪಗಾದವನು ಕಿರುಚುವುದು ಹೇಗೆ? ಗಂಡ ಪಕ್ಕದ ಕೋಣೆಯಲ್ಲಿರುವಾಗ, ಮುರಿದ ಕೈ ಹಿಡಿದುಕೊಂಡು ಬಚ್ಚಲುಮನೆಯಲ್ಲಿ ಕೂತು ಪಿಸುಗುಡುವ ಹೆಂಗಸಿಗೆ ನಿಮ್ಮ ಯಂತ್ರ ಎಷ್ಟು ಅಂಕ ಕೊಡುತ್ತದೆ? ಮಕ್ಕಳು ಹೆದರಬಾರದೆಂದು ನಗುತ್ತ ಮಾತಾಡುವ ಬಸುರಿಗೆ? ಯಾರ ಮುಂದೆಯೂ ಜೋರಾಗಿ ಮಾತಾಡಬಾರದು ಎಂದು ಹುಟ್ಟಿದಂದಿನಿಂದ ಬೈಸಿಕೊಂಡು ಬೆಳೆದವರು ಸಾಯುವ ಹೊತ್ತಿಗೆ ತಟಕ್ಕನೆ ಕಿರುಚಲು ಕಲಿಯಬೇಕೇ? ಅದಕ್ಕೆ ತರಬೇತಿ ಶಿಬಿರ ಏನಾದರೂ ಇಟ್ಟಿದ್ದೀರಾ?

ಇಡಬೇಕಾಗಿಲ್ಲ ಬಿಡಿ, ನಮ್ಮ ಬೀದಿಯಲ್ಲಿ ಆಗಲೇ ಶುರುವಾಗಿದೆ. ಅಕ್ಕನ ಸುದ್ದಿ ಹರಡಿದ ಮೇಲೆ ಎಲ್ಲರಿಗೂ ಗುಟ್ಟು ತಿಳಿದಿದೆ. ಎದುರುಮನೆಯ ಶಿಕ್ಷಕಿ ತನ್ನ ಮಗಳಿಗೆ, "ಅಜ್ಜಿಗೆ ಏನಾದ್ರೂ ಆದ್ರೆ ಫೋನಲ್ಲಿ ಮೊದ್ಲು ಚೀರ್ಬೇಕು, ಆಮೇಲೆ ವಿಳಾಸ, ತಿಳೀತಾ?" ಎಂದು ಹೇಳಿಕೊಡುತ್ತಿದ್ದಳು. ಗಡಿಯಾರದಮ್ಮನ ಪಾಠ ತಲೆಕೆಳಗಾಗಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಕಾಲು ಉಳುಕಿದವನೂ ಈಗ ಚೀರುತ್ತಾನೆ. ಎಲ್ಲರೂ ಐದಕ್ಕೆ ಐದು ತೆಗೆದುಕೊಳ್ಳುವ ಕಾಲ ಬಂದಾಗ ನಿಮ್ಮ ಯಂತ್ರ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಸುಳ್ಳಾಡದ ಧ್ವನಿಗೂ ಸುಳ್ಳು ಹೇಳಿಕೊಟ್ಟ ಕೀರ್ತಿ ಮಾತ್ರ ತಮ್ಮದು.

ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಇದನ್ನು ನಂಬಿ. ಹಿಂದೆ ಹನ್ನೆರಡು ಕುರ್ಚಿಯೂ ಭರ್ತಿಯಿದ್ದಾಗ ಹದಿಮೂರನೆಯವರ ಫೋನ್ ಬರೀ ಹೊಡೆದುಕೊಳ್ಳುತ್ತಿತ್ತು. ಈಗ ಎಲ್ಲರ ಫೋನನ್ನೂ ತಕ್ಷಣ ಎತ್ತಲಾಗುತ್ತದೆ. ಅದರಿಂದ ಉಳಿದ ಜೀವಗಳಿವೆ, ಇಲ್ಲವೆನ್ನಲಾರೆ. ನಮ್ಮಲ್ಲೂ ತಪ್ಪುಗಳಾಗುತ್ತಿದ್ದವು. ನಾನೇ ಒಮ್ಮೆ ಬೀದಿಯ ಹೆಸರು ತಪ್ಪು ಬರೆದು, ಗಾಡಿ ಊರಿನ ಇನ್ನೊಂದು ತುದಿಗೆ ಹೋಗಿ, ಒಬ್ಬ ಮುದುಕ ಕಾಯುತ್ತಲೇ ತೀರಿಕೊಂಡ. ಆದರೆ ಅವತ್ತು ಗಡಿಯಾರದಮ್ಮ ನನ್ನನ್ನು ಕರೆದುಕೊಂಡು ಆ ಮನೆಗೇ ಹೋದಳು. ಆತನ ಹೆಂಡತಿ ನನ್ನ ಮುಖಕ್ಕೇ ಬೈದಳು, ನಾನು ತಲೆ ತಗ್ಗಿಸಿ ನಿಂತು ಬೈಸಿಕೊಂಡೆ. ಈಗ ನಾನು ಯಾರ ಮನೆ ಬಾಗಿಲಿಗೆ ಹೋಗಿ ಬೈಯಲಿ? ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ಅದರಲ್ಲಿ ಒಬ್ಬ ಮನುಷ್ಯ ಸಿಗುವುದಿಲ್ಲ. ಸೇರಿಸಲಾಗಿರುತ್ತದೆ, ಕಂಡುಬಂದಿರುವುದಿಲ್ಲ, ಕಾರ್ಯನಿರ್ವಹಿಸಿರುತ್ತದೆ. ಸೇರಿಸಿದವರು ಯಾರು, ಯಾರ ಕಣ್ಣಿಗೆ ಕಂಡುಬರಲಿಲ್ಲ?

ಈ ತಿಂಗಳ ಕೊನೆಗೆ ಆ ಕೊಠಡಿಯಲ್ಲಿ ಉಳಿದಿರುವ ಮೂವರನ್ನೂ ಬೇರೆ ವಿಭಾಗಕ್ಕೆ ಕಳಿಸಿ ಬಾಗಿಲಿಗೆ ಬೀಗ ಹಾಕುತ್ತೀರೆಂದು ಕೇಳಿದೆ. ಅವರಿಗೆ ಈಗ ಕರೆ ಕೇಳುವ ಕೆಲಸವೂ ಇಲ್ಲವಂತೆ, ಪರದೆಯ ಮೇಲೆ ಅಂಕಗಳು ಓಡುವುದನ್ನು ನೋಡುತ್ತ ಕೂತಿರುತ್ತಾರಂತೆ. ಬೀಗ ಹಾಕುವ ಮೊದಲು ನನ್ನದೊಂದು ಒತ್ತಾಯ. ಪರಿಹಾರ ಬೇಡ, ವಿಷಾದ ಪತ್ರ ಬೇಡ, ನನ್ನ ಅಕ್ಕನ ಹೆಸರಿನಲ್ಲಿ ಸಮಿತಿಯಂತೂ ಬೇಡವೇ ಬೇಡ. ಆ ಮೂವರನ್ನು ಅವರವರ ಕುರ್ಚಿಯಲ್ಲಿ ಕೂರಿಸಿ. ನನ್ನ ಕರೆಯನ್ನು ಅವರ ಕಿವಿಗೆ ಹಾಕಿ. ಯಾರದು, ಎಂದಿನದು ಎಂದು ಹೇಳಬೇಡಿ. ನನ್ನ ದನಿ ಗುರುತು ಸಿಗುತ್ತದೆಂಬ ಅನುಮಾನ ನಿಮಗಿದ್ದರೆ, ಆ ಹಾಳೆಯಲ್ಲಿರುವುದನ್ನು ನನ್ನಷ್ಟೇ ಮೆತ್ತಗೆ ಬೇರೆಯವರಿಂದ ಓದಿಸಿ. ನೀವು ಗೋಡೆಯ ಗಡಿಯಾರದ ಕೆಳಗೆ ನಿಂತು ನೋಡಿ. ಕರೆ ಮುಗಿಯುವವರೆಗೂ ಒಂದು ಕೈಯೂ ಮೇಲೇಳದಿದ್ದರೆ ನಾನು ಈ ಪತ್ರವನ್ನು ಇದೇ ಪತ್ರಿಕೆಯಲ್ಲಿ ಹಿಂದಕ್ಕೆ ಪಡೆದು ತಮ್ಮ ಕ್ಷಮೆ ಕೇಳುತ್ತೇನೆ. ಎದ್ದರೆ, ಬೀಗ ಹಾಕಬೇಡಿ. ಯಂತ್ರವೇ ಫೋನ್ ಎತ್ತಲಿ, ಆದರೆ ಅದು ಒಂದು ಅಂಕ ಕೊಟ್ಟ ಪ್ರತಿಯೊಂದು ಕರೆಯನ್ನೂ ಅಲ್ಲೊಬ್ಬ ಮನುಷ್ಯ ಕೇಳಲಿ. ಗಾಡಿ ಹೊರಡಿಸುವ ಅಧಿಕಾರ ಆ ಮನುಷ್ಯನ ಕೈಯಲ್ಲಿರಲಿ.

ಯಾವ ಕ್ಷಣದಲ್ಲಿ ಕೈ ಏಳುತ್ತದೆಂದು ನನಗೆ ಗೊತ್ತು. ನೀವು ಕಳಿಸಿದ ಹಾಳೆಯನ್ನು ಓದಿದ ದಿನವೇ ಗೊತ್ತಾಯಿತು. ನಾನು ಹಾಗೆ ಅಂದಿದ್ದು ನನಗೆ ನೆನಪೇ ಇರಲಿಲ್ಲ. ಮೊದಲ ಸಾಲಿನಲ್ಲೇ ಇದೆ: "ತೊಂದರೆ ಕೊಡ್ತಾ ಇದೀನಿ, ಕ್ಷಮಿಸಿ." ಅದನ್ನು ಓದುವಾಗ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದೆ. ನನ್ನ ಬಲಗೈ ಮೇಲೆದ್ದಿತ್ತು. ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ವಿಷಯ. ಆ ಹಾಳೆಯ ಏಳನೇ ಸಾಲಿನಲ್ಲಿ, ನಾನು ಬಾಗಿಲು ತೆರೆದಿದೆ ಎಂದು ಹೇಳಿದ ಕೂಡಲೇ, ಆವರಣದೊಳಗೆ "ಹಿನ್ನೆಲೆ ಸದ್ದು" ಎಂದು ಬರೆದಿದ್ದೀರಿ. ಅದನ್ನು ತಿದ್ದಿ. ಅದು ನನ್ನ ಅಕ್ಕ. ಸ್ವಲ್ಪ ಜೋರಾಗಿ ಹೇಳು ಅನ್ನುತ್ತಿದ್ದಾಳೆ.

ಇಂತಿ,
ನಿಮ್ಮ ಯಂತ್ರಕ್ಕೆ ಪಾಠ ಹೇಳಿಕೊಟ್ಟವಳು,
ಅಕ್ಕನ ಮಾತು ಕೇಳದ ತಂಗಿ